ಸಾಲುಮನೆಗಳ ವಾಸ್ತುವಿಚಾರ: ಕುಕ್ ಟೌನ್ ಪ್ರಾಂತದ ಗೃಹಪಂಕ್ತಿಗಳನ್ನು ಕುರಿತ ಒಂದು ವಿಮರ್ಶೆ

ಇಂಗ್ಲಿಷಿನ ‘ಟೆರೇಸ್’ ಎಂಬ ಶಬ್ದವೂ ಕನ್ನಡದ ‘ತಾರಸಿ’ ಎಂಬ ಶಬ್ದವೂ ಒಂದೇ ಕುಲದವಾದರೂ ಅವುಗಳ ಅರ್ಥಗಳು ಬೇರೆಬೇರೆ ದಾರಿಯನ್ನು ಹಿಡಿದಿರುವುದು ಶಬ್ದಾರ್ಥವಿಚಾರದಲ್ಲಿ ಅಭಿರುಚಿಯುಳ್ಳವರಿಗೆ ಕೌತುಕವನ್ನುಂಟುಮಾಡತಕ್ಕ ಸಂಗತಿಯಾಗಿದೆ. ಲ್ಯಾಟಿನ್ ಭಾಷೆಯಲ್ಲಿ ಭೂಮಿಯೆಂಬ ಅರ್ಥವುಳ್ಳ ‘ಟೆರ್ರಾ’ ಎಂಬುದು ಇವೆರಡಕ್ಕೂ ಮೂಲ. ಮಣ್ಣನ್ನು ಏರಿಸಿ ಮಟ್ಟಮಾಡಿದ ನೆಲವನ್ನು ಮೊದಲು ಹೇಳುತ್ತಿದ್ದ ಈ ಪದವು ಇಂಗ್ಲೆಂಡಿನಲ್ಲಿ ಕ್ರಮೇಣ ಒಂದರ ಮಗ್ಗುಲಿಗೆ ಒಂದು ಗೋಡೆ ಹತ್ತಿಕೊಂಡು ನಿಂತ ಮನೆಗಳ ಸಾಲಿಗೆ ರೂಢವಾಯಿತು. ಕನ್ನಡನಾಡಿನಲ್ಲಿಯಾದರೋ ಅದು ಮಾಳಿಗೆಯ ಮೇಲಕ್ಕೆ ಹತ್ತಿತು. ತೇಗದ ತೊಲೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಸುಣ್ಣದ ಗಾರೆಯಿಂದ ಬೆಸೆದು, ಅದರ ಮೇಲೆ ಇಟ್ಟಿಗೆಚೂರಿನ ಗಾರೆಯನ್ನು ಹಾಸಿ ಬಡಿದು ಮಾಡುತ್ತಿದ್ದ ಮಟ್ಟಸವಾದ ಮೇಲ್ಛಾವಣಿಗೆ ‘ಮದರಾಸ್ ತಾರಸಿ’ ಎಂಬ ಹೆಸರು ನಿಂತು, ತರುವಾಯ ಮಟ್ಟಸವಾದ ಛಾವಣಿಯೆಲ್ಲವೂ ತಾರಸಿಯೇ ಆಯಿತು. ಆದಕಾರಣ ಇಂಗ್ಲಿಷಿನ ಪದವನ್ನು ನೋಡಿ ಅದಕ್ಕೆ ‘ತಾರಸಿ ಮನೆ’ ಎಂದು ಕನ್ನಡ ಮಾಡುವವನು, ಹೆಂಚಿನ ಮಾಡುಳ್ಳ ಮನೆಯನ್ನು ಗಾರೆಯ ಮನೆಯೆಂದು ಹೇಳಿದಂತಾಗುವುದು. ಬೆಂಗಳೂರು ಕಂಟೋನ್ಮೆಂಟಿನ ಹಳೆಯ ಗೃಹಪಂಕ್ತಿಗಳಲ್ಲಿ ಹೆಂಚು ಹೊದಿಸಿದವು ಬಹಳವಿರುವುದರಿಂದ ಈ ಪ್ರಮಾದವು ಬರಿಯ ಪದದ ಪ್ರಮಾದವಾಗಿ ಉಳಿಯದೆ ವಸ್ತುವನ್ನೇ ಮರೆಸುವುದು.

ಸಾಲುಮನೆಯೆಂಬುದು ನಿರ್ದೋಷವಾದ ಕನ್ನಡ ಪದವಾಗಿದೆ. ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಆಳುಗಳಿಗೆಂದು ಕಟ್ಟಿಸಿದ ಸಾಲುಕೋಣೆಗಳಿಗೆ ‘ಲೈನುಮನೆ’ ಎಂಬ ಹೆಸರಿದ್ದು, ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರ ಮನೆಗಳೂ ‘ಲೈನು’ಗಳೆಂದೇ ಪ್ರಸಿದ್ಧವಾದುವು. ಬೆಂಗಳೂರಿನ ‘ವಠಾರ’ವು ಇವುಗಳಿಗೆ ದಾಯಾದಿಯೇ ಹೊರತು ಇವೇ ಅಲ್ಲ. ವಠಾರದ ಮನೆಗಳು ಒಳಗಣ ಒಂದು ಅಂಗಳವನ್ನು ನೋಡುವುವು. ಬಾವಿಯೋ ನಲ್ಲಿಯೋ ಆ ಅಂಗಳದಲ್ಲಿದ್ದು ಎಲ್ಲರಿಗೂ ಸಾಧಾರಣವಾಗಿರುವುದು. ಬೀದಿಗೆ ಕಾಣುವುದು ಒಂದು ಬಾಗಿಲು ಮಾತ್ರ. ಸಾಲುಮನೆಗಳಾದರೋ ಒಂದೊಂದೂ ತನ್ನ ಬಾಗಿಲನ್ನು ಬೀದಿಗೇ ತೆರೆಯುವುವು. ಬೀದಿಯೊಡನೆ ನೇರವಾದ ಮಾತು ಉಂಟೋ ಇಲ್ಲವೋ ಎಂಬ ಈ ಭೇದವು ಮುಂದಿನ ವಿಚಾರಕ್ಕೆ ಮುಖ್ಯವಾದುದು.

ಕುಕ್ ಟೌನಿನ ಪೂರ್ವೋತ್ತರವನ್ನು ಸಂಕ್ಷೇಪವಾಗಿ ಹೇಳುವುದಾದರೆ, 1809ರಲ್ಲಿ ಹಲಸೂರಿನ ಬಳಿ ಇಂಗ್ಲಿಷರ ದಂಡು ನೆಲೆಸಿದುದು ಮೊದಲಾಗಿ ಬೆಂಗಳೂರು ಎರಡು ಊರುಗಳಾಗಿ ಬೆಳೆಯಿತು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಹಿಂದಕ್ಕೆ ಬಂದಾಗಲೂ ದಂಡಿನ ಪ್ರದೇಶವು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಿಂದ ಬ್ರಿಟಿಷರ ಆಡಳಿತದಲ್ಲಿಯೇ ಉಳಿದು, 1947ರ ಜುಲೈ 26ರಂದು ಮೈಸೂರಿಗೆ ಸೇರಿತು. 1949ರಲ್ಲಿ ಎರಡು ಊರುಗಳ ಪುರಸಭೆಗಳೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಈ ದಂಡುಪ್ರದೇಶದ ಈಶಾನ್ಯಭಾಗದಲ್ಲಿ ಇಪ್ಪತ್ತನೆಯ ಶತಮಾನದ ಆದಿಯಿಂದ ಫ್ರೇಸರ್ ಟೌನ್, ರಿಚರ್ಡ್ಸ್ ಟೌನ್, ಕುಕ್ ಟೌನ್, ಕಾಕ್ಸ್ ಟೌನ್ ಎಂಬ ಬಡಾವಣೆಗಳು ಒಂದರ ಹಿಂದೆ ಒಂದು ಹುಟ್ಟಿದುವು. ಫ್ರೇಸರ್ ಟೌನಿಗೆ ಹೆಸರು ಬಂದುದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬಾಲ್ಯದಲ್ಲಿ ಗುರುವಾಗಿದ್ದು ಮುಂದೆ ಮೈಸೂರಿನ ರೆಸಿಡೆಂಟನಾದ ಸ್ಟುವರ್ಟ್ ಫ್ರೇಸರನಿಂದ. ಕುಕ್ ಟೌನಿಗೆ ಹೆಸರು ಬಂದುದು ದಂಡಿನ ಪುರಸಭೆಯನ್ನು ನಡೆಸಿದ ಜಿ. ಎಚ್. ಕುಕ್ ಎಂಬಾತನಿಂದ. ಅಲ್ಲಿಯ ಮಿಲ್ಟನ್ ಬೀದಿಯ ಹೆಸರನ್ನು ಕೇಳಿದ ಸಾಹಿತ್ಯೋಪಾಧ್ಯಾಯರಿಗೆ ಅಂಧಕವಿಯ ನೆನಪಾದರೆ ಆಶ್ಚರ್ಯವಿಲ್ಲ. ಕವಿಗಳ ಮಾತು ಬಂದುದರಿಂದ ಇನ್ನೊಂದನ್ನು ಹೇಳಬಹುದು. ದಂಡಿಯು ಮಹಾಕಾವ್ಯಲಕ್ಷಣವನ್ನು ಹೇಳುತ್ತ ವರ್ಣನೀಯವಸ್ತುಗಳಲ್ಲಿ ನಗರವನ್ನೇ ಮೊದಲು ಎಣಿಸಿರುವನಷ್ಟೆ. ಆತನನ್ನು ಅನುಸರಿಸಿದ ಕವಿಗಳ ಪುರವರ್ಣನೆಗಳಲ್ಲಿ ಕೋಟೆ ಅಗಳು ಸೌಧ ಅಂಗಡಿಬೀದಿ ವೇಶ್ಯಾವಾಟಗಳೆಲ್ಲವೂ ಬಂದು, ಸಾಮಾನ್ಯ ಕುಟುಂಬಿಗಳು ವಾಸಮಾಡುವ ಮನೆಗಳ ಸಾಲು ಮಾತ್ರ ಬಹುಮಟ್ಟಿಗೆ ಬಾರದೆ ಹೋಗಿದೆ. ಇಂದಿನ ವಾಸ್ತುಲೇಖಕರೂ ಈ ದಾಕ್ಷಿಣ್ಯವನ್ನೇ ಪಾಲಿಸಿ, ಕಂಟೋನ್ಮೆಂಟೆಂದೊಡನೆ ತೋಟದ ನಡುವಣ ಬಂಗಲೆಗಳನ್ನೇ ವರ್ಣಿಸುತ್ತಾರೆ.

ಕುಕ್ ಟೌನ್ ಮುಖ್ಯವಾಗಿ ಬಿಡಿಮನೆಗಳ ಊರೆಂಬುದು ನಿಜ. ಆದರೆ ಅದರ ಸುತ್ತಣ ಬೀದಿಗಳಲ್ಲಿಯೂ, ಫ್ರೇಸರ್ ಟೌನ್ ಹಲಸೂರುಗಳ ಕಡೆಯ ಸಣ್ಣ ಓಣಿಗಳಲ್ಲಿಯೂ, ಒಬ್ಬನೇ ಒಡೆಯನು ಬಾಡಿಗೆಗೆಂದು ಕಟ್ಟಿಸಿದ ಮನೆಗಳ ಸಾಲುಗಳು ಅಳಿದುಳಿದು ನಿಂತಿರುವುದುಂಟು. ಇವುಗಳ ರಚನೆಯನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಬೀದಿಗಿಂತ ಎರಡು ಮೂರು ಮೆಟ್ಟಿಲು ಎತ್ತರದ ಕಲ್ಲಿನ ಪಾದ. ಅದರ ಮೇಲೆ ಸಾಲಿನುದ್ದಕ್ಕೂ ಹರಿದ ಕಿರಿದಾದ ಜಗಲಿ, ಮನೆಗೊಂದರಂತೆ ಮೋಟುಗೋಡೆಯಿಂದ ಭಾಗಿಸಲ್ಪಟ್ಟುದು. ಮರದ ಇಲ್ಲವೆ ಗಾರೆಯ ಕಂಬಗಳು. ಒಳಗೆ ಒಂದರ ಹಿಂದೊಂದಾಗಿ ಹಜಾರ, ನಡುಕೋಣೆ, ಅಡಿಗೆಯ ಮನೆ. ಹಿಂದೆ ಬಚ್ಚಲು ಮತ್ತು ಕೈಯಗಲದ ಹಿತ್ತಿಲು. ಮೇಲೆ ಮಂಗಳೂರು ಹೆಂಚಿನ ಒಂದೇ ಮಾಡು, ಅದರ ನೆತ್ತಿಯು ಬೀದಿಗೆ ಸಮಾಂತರವಾಗಿ ಸಾಲಿನ ಈ ತುದಿಯಿಂದ ಆ ತುದಿಗೆ ಓಡುವುದು. ಮುಂಭಾಗದ ಸೂರಿಗೆ ಕೊರೆದ ಮರದ ಹಲಗೆಯ ಝಾಲರಿ. ಅನುಕೂಲವಂತನಾದ ಒಡೆಯನು ಕಟ್ಟಿಸಿದ ಕಡೆ ಕಿಟಕಿಗಳ ಮೇಲೆ ಬೆಂಗಳೂರಿಗರು ‘ಮಂಕಿ ಟಾಪ್’ ಎಂದು ಕರೆಯುವ ಚೂಪುತಲೆಯ ಮರದ ಮುಸುಕು ಕಾಣುವುದು.

ಈ ಆಕಾರವು ಹೆಂಚಿಗೆ ಎಷ್ಟು ಋಣಿಯಾಗಿದೆಯೆಂಬುದನ್ನು ಗಮನಿಸಬೇಕು. ಬಾಸೆಲ್ ಮಿಷನ್ನಿನ ಗೇಯಾರ್ಗ್ ಪ್ಲೆಬ್ಸ್ಟ್ ಎಂಬಾತನು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಅದಕ್ಕೆ ಒಂದು ವರ್ಷ ಹಿಂದೆ, 1864ರಲ್ಲಿ, ಬೆಂಗಳೂರು ಕಂಟೋನ್ಮೆಂಟಿಗೆ ಜೋಲಾರಪೇಟೆಯ ಕಡೆಯಿಂದ ರೈಲು ಬಂದಿತ್ತು. ಕುಂಬಾರನ ಕೈಹೆಂಚು ಒಂದೊಂದೂ ಒಂದೊಂದು ವಕ್ರತೆಯುಳ್ಳದ್ದಾದ್ದರಿಂದ ಉದ್ದವಾದ ಮಾಡಿನಲ್ಲಿ ಗೆರೆಯು ಅಲೆಯಾಗುವುದು. ಯಂತ್ರದಲ್ಲಿ ಒತ್ತಿದ ಹೆಂಚಾದರೆ ಒಂದರ ತುಟಿಯಲ್ಲಿ ಇನ್ನೊಂದು ಕಚ್ಚಿಕೊಂಡು ರೀಪಿನ ಮೇಲೆ ಕುಳಿತು ನೂರಡಿಯ ಸಾಲನ್ನೂ ನೂಲು ಹಿಡಿದಂತೆ ನಿಲ್ಲಿಸುವುದು. ಸಾಲುಮನೆಗೆ ಸೊಬಗನ್ನು ಕೊಟ್ಟ ಆ ಅಖಂಡರೇಖೆಯು ಇದರ ಫಲ.

ಇಷ್ಟಾದ ಮೇಲೆ ಪೂರ್ವಪಕ್ಷಗಳನ್ನು ನೋಡಬೇಕು. ಇಂತಹ ಮನೆಗಳಲ್ಲಿ ವಾಸ್ತುವೇ ಇಲ್ಲ, ಇವು ಬಾಡಿಗೆಯ ಲೆಕ್ಕಾಚಾರ ಮಾತ್ರ ಎಂಬುದೊಂದು. ಇವು ಇಂಗ್ಲಿಷರು ತಂದ ಪರಕೀಯ ರೂಪ ಎಂಬುದೊಂದು. ಎರಡು ಮನೆಗಳಿಗೆ ಒಂದೇ ಗೋಡೆಯಿರುವುದು ವಾಸ್ತುಶಾಸ್ತ್ರಕ್ಕೆ ವಿರುದ್ಧ, ಆದ್ದರಿಂದ ಕೆಡವಿದರೆ ನಷ್ಟವಿಲ್ಲ ಎಂಬುದೊಂದು. ಕಡೆಯದನ್ನು ಈಗಿನ ಕಾಲದಲ್ಲಿ ವಾಸ್ತುವಿನ ಹೆಸರಿನಿಂದ ಜೀವನೋಪಾಯವನ್ನು ಮಾಡುವವರು ಬಹಳವಾಗಿ ಹೇಳುತ್ತಿರುವುದರಿಂದ ಅದನ್ನೇ ಮೊದಲು ಪರಿಶೀಲಿಸುವುದು ಯುಕ್ತ. ಶಾಸ್ತ್ರವೆಂಬ ಶಬ್ದವನ್ನು ಮುಂದಿಟ್ಟ ಮೇಲೆ ಗ್ರಂಥವನ್ನು ತೆರೆದು ತೋರಿಸುವ ಭಾರವು ಹೇಳುವವರ ಮೇಲೆಯೇ ಇದೆಯೆಂಬುದನ್ನು ಇವರು ಮರೆತಂತಿದೆ.

ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯವು ಗೃಹಗಳನ್ನು ಶಾಲೆಗಳ ಸಂಖ್ಯೆಯಿಂದ ವಿಂಗಡಿಸುತ್ತದೆ. ಸರ್ವತೋಭದ್ರ, ನಂದ್ಯಾವರ್ತ, ವರ್ಧಮಾನ, ಸ್ವಸ್ತಿಕ, ರುಚಕಗಳೆಂಬ ಚತುಃಶಾಲೆಗಳು; ಹಿರಣ್ಯನಾಭ, ಸುಕ್ಷೇತ್ರ ಮೊದಲಾದ ತ್ರಿಶಾಲೆಗಳು; ಸಿದ್ಧಾರ್ಥವೇ ಮೊದಲಾದ ದ್ವಿಶಾಲೆಗಳು. ಇವುಗಳ ಗುಣದೋಷಗಳನ್ನು ಹೇಳುವಾಗ ಆಚಾರ್ಯನ ದೃಷ್ಟಿಯು ಯಾವ ದಿಕ್ಕಿನಲ್ಲಿ ಶಾಲೆಯಿಲ್ಲ, ಅಲಿಂದವು ಎತ್ತಣಿಂದ ಎತ್ತ ಹೋಗಿದೆ ಎಂಬುದರ ಮೇಲೆ ನಿಂತಿದೆ. ಪಕ್ಕದ ಮನೆಯು ಗೋಡೆಯನ್ನು ಮುಟ್ಟಿದರೆ ದೋಷವೆಂಬ ಮಾತು ಈ ವಿಂಗಡಣೆಯಲ್ಲಿ ಎಲ್ಲಿಯೂ ಆಧಾರವಾಗಿ ಬಂದಿಲ್ಲ. ಬಾಗಿಲಿಗೆ ವೇಧವನ್ನಾದರೋ ಆತನು ಹೇಳಿದ್ದಾನೆ: ದಾರಿ, ಮರ, ಮೂಲೆ, ಬಾವಿ, ಕಂಬ ಮುಂತಾದುವು ಬಾಗಿಲಿಗೆ ನೇರವಾಗಿ ಎದುರಾಗಬಾರದು. ಆದರೆ ಎತ್ತರದ ಇಮ್ಮಡಿಯಷ್ಟು ನೆಲವು ನಡುವೆ ಇದ್ದರೆ ದೋಷವಿಲ್ಲವೆಂದು ಒಡನೆಯೇ ಪರಿಹಾರವನ್ನೂ ಕೊಟ್ಟಿದ್ದಾನೆ. ಇಲ್ಲಿ ಎತ್ತರವೆಂದರೆ ಬಾಗಿಲಿನ ಎತ್ತರವೆಂದು ಗ್ರಹಿಸಿದರೆ 7 ಅಡಿಯ ಬಾಗಿಲಿಗೆ 14 ಅಡಿ ಸಾಕು; ಸೂರಿನ ಎತ್ತರವೆಂದು ಹಿಗ್ಗಿಸಿದರೂ 10 ಅಡಿಯ ಸೂರಿಗೆ 20 ಅಡಿ ಆಗುವುದು. ಈ ಬಡಾವಣೆಗಳ ಬೀದಿಗಳು ಜಗಲಿಯ ಅಗಲವನ್ನೂ ಕೂಡಿಸಿಕೊಂಡರೆ ಈ ಅಳತೆಯನ್ನು ಸಾಮಾನ್ಯವಾಗಿ ಮೀರುವುವು. ಜಗಲಿಯ ಕಂಬವಾದರೋ ಬಾಗಿಲಿಗೆ ಹತ್ತಿರವೇ ಇರುವುದೆಂದು ಆಕ್ಷೇಪಿಸಬಹುದು. ಮನೆಗೆ ಎರಡು ಅಥವಾ ನಾಲ್ಕು ಕಂಬಗಳನ್ನಿಟ್ಟು ನಡುವಣ ತೆರಪಿಗೆ ಬಾಗಿಲನ್ನು ಹೊಂದಿಸಿರುವ ಸಾಲುಗಳಲ್ಲಿ ಆ ಆಕ್ಷೇಪಕ್ಕೂ ಅವಕಾಶವಿಲ್ಲ. ಗಾರೆಕೆಲಸದವನು ಸಂಹಿತೆಯನ್ನು ಓದಿ ಹೀಗೆ ಮಾಡಿದನೆಂದು ಹೇಳಬೇಕಾಗಿಲ್ಲ. ಬಾಗಿಲಿಗೆ ಕಂಬ ಅಡ್ಡವಾದರೆ ಮಂಚವನ್ನು ಒಳಕ್ಕೆ ಒಯ್ಯುವುದು ಕಷ್ಟವೆಂಬುದು ಅವನಿಗೆ ಗೊತ್ತು. ಶಾಸ್ತ್ರವೂ ಬಹುಶಃ ಅಲ್ಲಿಂದಲೇ ಹೊರಟಿತು.

ಇದಕ್ಕಿಂತ ಪ್ರಬಲವಾದ ಪ್ರಮಾಣವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುವುದು. ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿ ಈ ಗ್ರಂಥವನ್ನು ಕಂಡುಹಿಡಿದು 1909ರಲ್ಲಿ ಅಚ್ಚುಹಾಕಿಸಿ, 1915ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಆರ್. ಶಾಮಶಾಸ್ತ್ರಿಗಳ ಉಪಕಾರವು ಲೋಕವಿದಿತವೇ. ಅದರ ಮೂರನೆಯ ಅಧಿಕರಣದಲ್ಲಿ ಗೃಹವಾಸ್ತುವನ್ನು ಕುರಿತ ಪ್ರಕರಣವು ದಿಕ್ಕುಗಳ ಫಲಾಫಲವನ್ನು ಹೇಳುವುದಿಲ್ಲ. ನೆರೆಹೊರೆಯವರ ವ್ಯವಹಾರವನ್ನು ಹೇಳುತ್ತದೆ. ಎರಡು ಮನೆಗಳ ನಡುವೆ ಇಷ್ಟು ತೆರಪು ಬಿಡಬೇಕು. ಆ ತೆರಪಿನಲ್ಲಿ ಒಡಕು ಬಿರುಕುಗಳನ್ನು ಸರಿಪಡಿಸುವುದಕ್ಕೆ ಸಣ್ಣ ಬಾಗಿಲಿರಬೇಕು. ಬೆಳಕಿಗಾಗಿ ಮೇಲ್ಗಡೆ ಕಿರಿದಾದ ಬೆಳಕಿಂಡಿಯಿರಬೇಕು. ನೀರು ಪಕ್ಕದವನ ಗೋಡೆಯನ್ನು ಕೆಡಿಸದಂತೆ ಹರಿದುಹೋಗಬೇಕು ಎಂಬುದು ಅಲ್ಲಿಯ ವಿಧಿ. ಇದನ್ನೇ ಹಿಡಿದು, ತೆರಪು ವಿಹಿತವಾದ ಮೇಲೆ ಗೋಡೆ ಕೂಡಿಸುವುದು ನಿಷಿದ್ಧವಾಗಲಿಲ್ಲವೆ ಎಂದು ಕೇಳಬಹುದು. ಆಗಲಿಲ್ಲ. ಏಕೆಂದರೆ ಅದೇ ಸ್ಥಳದಲ್ಲಿ ಕೌಟಿಲ್ಯನು ಎರಡು ಮನೆಗಳ ಸೂರುಗಳ ನಡುವೆ ನಾಲ್ಕು ಅಂಗುಲ ಅಂತರವಿರಬಹುದು, ಇಲ್ಲವೆ ಒಂದರ ಮೇಲೆ ಇನ್ನೊಂದು ಏರಿಕೊಂಡಿರಬಹುದು ಎಂದು ವಿಕಲ್ಪವನ್ನು ಕೊಡುತ್ತಾನೆ. ಅಷ್ಟಲ್ಲದೆ ಮನೆಯೊಡೆಯರು ಒಟ್ಟುಗೂಡಿ ತಮ್ಮ ಇಷ್ಟದಂತೆ ಕಟ್ಟಿಸಿಕೊಳ್ಳಬಹುದು, ಅನಿಷ್ಟವಾದುದನ್ನು ಮಾತ್ರ ತಪ್ಪಿಸಬೇಕು ಎಂದು ಮುಗಿಸುತ್ತಾನೆ. ತೆರಪಿನ ಪ್ರಯೋಜನವು ಅದೃಷ್ಟವಲ್ಲ, ದೃಷ್ಟವೆಂಬುದು ಇದರಿಂದ ಸ್ಪಷ್ಟ: ಒಬ್ಬನ ಸೂರಿನ ನೀರು ಇನ್ನೊಬ್ಬನ ಗೋಡೆಗೆ ಬೀಳಬಾರದು.

ಈಗ ಕಂಟೋನ್ಮೆಂಟಿನ ಸಾಲನ್ನು ನೋಡಿದರೆ, ಮಾಡಿನ ನೆತ್ತಿಯು ಬೀದಿಗೆ ಸಮಾಂತರವಾಗಿರುವುದರಿಂದ ನೀರೆಲ್ಲವೂ ಮುಂದಕ್ಕೆ ಬೀದಿಗೂ ಹಿಂದಕ್ಕೆ ಹಿತ್ತಿಲಿಗೂ ಬೀಳುವುದು; ಪಕ್ಕಕ್ಕೆ ಒಂದು ಹನಿಯೂ ಹೋಗದು. ಯಾವ ಕಾರಣದಿಂದ ತೆರಪು ವಿಹಿತವಾಯಿತೋ ಆ ಕಾರಣವೇ ಇಲ್ಲಿ ಇಲ್ಲ. ನೆತ್ತಿಯು ಬೀದಿಗೆ ಅಡ್ಡವಾಗಿದ್ದು ಮನೆಮನೆಗೂ ಬೇರೆ ಮಾಡಿರುವ ಕಡೆಗಳಲ್ಲಿ ಎರಡು ಮಾಡುಗಳ ನಡುವೆ ಕಣಿವೆಯುಂಟಾಗಿ, ಅಲ್ಲಿ ತಗಡಿನ ದೋಣಿಯನ್ನು ಇಡಬೇಕಾಗಿ, ಅದು ತೂತಾದಾಗ ಜಗಳ ಹುಟ್ಟುವುದು. ಕೌಟಿಲ್ಯನಿಗೆ ಕೆಲಸ ಬರುವುದು ಅಲ್ಲಿ. ಬಾಡಿಗೆಯ ವಿಚಾರದಲ್ಲಿಯೂ ಆ ಪ್ರಕರಣವು ಮೌನವಾಗಿಲ್ಲ. ಬೇಡವೆಂದರೂ ಬಿಡದೆ ವಾಸಮಾಡುವ ಬಾಡಿಗೆದಾರನಿಗೂ, ಬಾಡಿಗೆ ಕೊಟ್ಟವನನ್ನು ತಕ್ಕ ಕಾರಣವಿಲ್ಲದೆ ಹೊರಡಿಸುವ ಒಡೆಯನಿಗೂ ಸಮಾನವಾಗಿ 12 ಪಣಗಳ ದಂಡವನ್ನು ವಿಧಿಸಿ, ತಾನಾಗಿಯೇ ಬಿಟ್ಟುಹೋಗುವವನು ವರ್ಷದ ಉಳಿದ ಬಾಡಿಗೆಯನ್ನು ಕೊಡಬೇಕೆಂದು ಹೇಳಿದೆ. ಬಾಡಿಗೆಯ ಮನೆ ಶಾಸ್ತ್ರದ ದೃಷ್ಟಿಗೆ ಬೀಳದಷ್ಟು ಕ್ಷುದ್ರವೆಂದು ತಿಳಿದವರು ಈ ಭಾಗವನ್ನು ಓದತಕ್ಕದ್ದು.

ಗೋಡೆ ಹತ್ತಿದ ಮನೆಗಳು ಪರಕೀಯವೆಂಬ ಮಾತಿಗೆ ಗ್ರಂಥಕ್ಕಿಂತ ಕಣ್ಣೇ ಸಾಕು. ಮೇಲುಕೋಟೆ ಶ್ರೀರಂಗಪಟ್ಟಣಗಳ ಹಳೆಯ ಬೀದಿಗಳಲ್ಲಿಯೂ, ಮೈಸೂರಿನ ಅಗ್ರಹಾರಗಳಲ್ಲಿಯೂ ಜಗಲಿಯಿಂದ ಜಗಲಿಗೆ ನಡೆದೇ ಬೀದಿಯ ತುದಿಯನ್ನು ಮುಟ್ಟುವಂತೆ ಮನೆಗಳು ಕೂಡಿಕೊಂಡಿರುವುದನ್ನು ಕಾಣದವರಾರು? ಮಾನಸಾರವು ಹೇಳುವ ದಂಡಕವೆಂಬ ಗ್ರಾಮವು ಕೋಲಿನಂತೆ ನೀಳವಾದ ಬೀದಿಗಳುಳ್ಳದ್ದು. ಅದರ ರೂಪವನ್ನು ಅಗ್ರಹಾರದ ಬೀದಿಗಳಲ್ಲಿ ಇಂದಿಗೂ ಊಹಿಸಬಹುದು. ಆದರೆ ಈ ಹೋಲಿಕೆಯನ್ನು ಹೇಳಿ ಸುಮ್ಮನಾಗುವುದು ಪ್ರಾಮಾಣಿಕವಲ್ಲ. ಅಗ್ರಹಾರದ ಸಾಲು ದತ್ತಿಯ ಸಾಲು. ವೃತ್ತಿವಂತರಾದ ಬ್ರಾಹ್ಮಣರಿಗಲ್ಲದೆ ಇತರರಿಗೆ ಅಲ್ಲಿ ನೆಲೆಯಿರಲಿಲ್ಲ, ಕೆಲವರಿಗೆ ಆ ಬೀದಿಯಲ್ಲಿ ಕಾಲಿಡುವುದಕ್ಕೂ ಅವಕಾಶವಿರಲಿಲ್ಲ. ದಂಡಿನ ಸಾಲಾದರೋ ಬಾಡಿಗೆಯನ್ನು ಕೊಡಬಲ್ಲವನಿಗೆ ತೆರೆದಿತ್ತು. ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷುಗಳನ್ನು ಮನೆಮಾತಾಗಿ ಉಳ್ಳವರು ಈ ಭಾಗದಲ್ಲಿ ಒಂದೇ ಸೂರಿನ ನೆರಳಿನಲ್ಲಿ ಬಾಳಿದರು. ಹಾಗೆಂದು ದಂಡಿನಲ್ಲಿ ಭೇದವೇ ಇರಲಿಲ್ಲವೆನ್ನುವಂತಿಲ್ಲ. ಮನೆಗಳ ಹಿಂದಣ ಕಸಗುಡಿಸುವವರ ಗಲ್ಲಿಯು ಅದಕ್ಕೆ ಸಾಕ್ಷಿ. ಮುಂದಣ ಝಾಲರಿಯ ಅಂದವು ಹಿಂದಣ ಆ ಗಲ್ಲಿಯಲ್ಲಿ ಮಲವನ್ನು ಹೊರುತ್ತಿದ್ದವರ ತಲೆಯ ಮೇಲೆ ನಿಂತಿತ್ತು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಗೃಹವಾಸ್ತುವನ್ನು ವಿಮರ್ಶಿಸುವವರು ಮುಂಬಾಗಿಲಿನಲ್ಲಿಯೇ ನಿಂತು ಹಿಂದಿರುಗುವುದು ಅರ್ಧ ಪದ್ಯವನ್ನು ಓದಿ ತಾತ್ಪರ್ಯ ಹೇಳಿದಂತೆ.

ಇಂಗ್ಲೆಂಡಿನ ಸಾಲುಮನೆಯ ಚರಿತ್ರೆಯಲ್ಲಿ ಇಲ್ಲಿಗೆ ಬೇಕಾದಷ್ಟನ್ನು ಮಾತ್ರ ಹೇಳಬಹುದು. 1666ರ ಮಹಾಗ್ನಿಯಲ್ಲಿ ಲಂಡನ್ ಸುಟ್ಟುಹೋದ ಮೇಲೆ 1667ರ ಶಾಸನವು ಮನೆಗಳನ್ನು ಇಟ್ಟಿಗೆ ಕಲ್ಲುಗಳಿಂದಲೇ ಕಟ್ಟಬೇಕೆಂದು ವಿಧಿಸಿತು. 1774ರ ಶಾಸನವು ಮನೆಗಳನ್ನು ನಾಲ್ಕು ತರಗತಿಗಳಾಗಿ ವಿಂಗಡಿಸಿ, ಜಂಟಿಗೋಡೆಗಳ ದಪ್ಪವನ್ನು ನಿಯಮಿಸಿತು. ಜಂಟಿಗೋಡೆಯು ಮಾಡನ್ನೂ ಮೀರಿ ಮೇಲಕ್ಕೆ ಎದ್ದಿರಬೇಕೆಂಬ ಅಲ್ಲಿಯ ಪದ್ಧತಿಯು ಬೆಂಕಿಯು ಮನೆಯಿಂದ ಮನೆಗೆ ಹಾರದಿರಲೆಂದು. ಬಾತ್ ನಗರದಲ್ಲಿ ಕಿರಿಯ ಜಾನ್ ವುಡ್ 1767ರಿಂದ 1774ರ ವರೆಗೆ ಕಟ್ಟಿಸಿದ ‘ರಾಯಲ್ ಕ್ರೆಸೆಂಟ್’ ಎಂಬ ಅರ್ಧಚಂದ್ರಾಕಾರದ ಸಾಲಿನಲ್ಲಿ 30 ಮನೆಗಳೂ 114 ಕಂಬಗಳೂ ಇವೆ. ಅದರ ಮುಖವೆಲ್ಲ ಒಂದೇ ಅರಮನೆಯಂತೆ ಕಾಣುವುದು. ಹಿಂಬದಿಯಾದರೋ ಕೊಂಡವರು ತಮತಮಗೆ ತೋರಿದಂತೆ ಕಟ್ಟಿಸಿಕೊಂಡುದರಿಂದ ಎತ್ತರ ತಗ್ಗುಗಳ ಸಂತೆಯಾಗಿದೆ. ಕಂಟೋನ್ಮೆಂಟಿನ ಸಾಲು ಇದರಿಂದ ಪಡೆದುದು ಮುಖದ ಏಕತೆಯನ್ನು. ಅಗ್ರಹಾರದಿಂದ ಪಡೆದುದು ಜಗಲಿಯನ್ನು. ಎರಡರಿಂದಲೂ ಪಡೆಯದೆ ಬಿಟ್ಟುದೊಂದುಂಟು. ಅದನ್ನು ಮುಂದೆ ಹೇಳಲಾಗುವುದು.

ಸಾಲುಮನೆಯ ಸೌಂದರ್ಯವು ಯಾವುದರಲ್ಲಿದೆ? ಬಿಡಿಮನೆಯ ಗುಣಗಳನ್ನು ಇದರಲ್ಲಿ ಹುಡುಕಿ ಕಾಣದೆ ನಿರಾಶರಾಗುವವರು ಮುಕ್ತಕದ ಲಕ್ಷಣವನ್ನು ಷಟ್ಪದಿಯ ಒಂದು ಪಾದದಲ್ಲಿ ಹುಡುಕುವವರಂತೆ ಇರುವರು. ಕನ್ನಡದ ಆದಿಪ್ರಾಸದ ಸ್ವರೂಪವನ್ನು ನೆನೆದರೆ ಇದು ಸುಲಭವಾಗಿ ತಿಳಿಯುವುದು. ಪಾದದ ಮೊದಲಕ್ಷರವು ಏನಾದರೂ ಆಗಬಹುದು, ಎರಡನೆಯ ಅಕ್ಷರದ ವ್ಯಂಜನವು ಮಾತ್ರ ಪ್ರತಿಪಾದದಲ್ಲಿಯೂ ಒಂದೇ ಆಗಿರಬೇಕು. ಆ ಒಂದು ನಿಯಮವು ನಿಂತ ಮೇಲೆ ಉಳಿದುದಕ್ಕೆ ಸ್ವಾತಂತ್ರ್ಯ. ಸಾಲುಮನೆಯಲ್ಲಿಯೂ ಮೆಟ್ಟಿಲಿನ ಮುಂದಣ ರಂಗೋಲಿ ಒಂದು ಮನೆಗೆ ಒಂದು, ಬಾಗಿಲಿನ ಬಣ್ಣ ಒಂದು ಮನೆಗೆ ಹಸುರು ಇನ್ನೊಂದಕ್ಕೆ ನೀಲಿ, ಒಂದರ ನೆತ್ತಿಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಮಾವಿನ ತೋರಣ, ಮತ್ತೊಂದರಲ್ಲಿ ಅರಬ್ಬಿ ಅಕ್ಷರದ ಫಲಕ. ಇವೆಲ್ಲದರ ಹಿಂದೆ ಕಂಬದಿಂದ ಕಂಬಕ್ಕೆ ಇರುವ ಅಂತರವು ಮಾತ್ರ ತಪ್ಪುವುದಿಲ್ಲ. ಆ ಅಂತರವೇ ಇಲ್ಲಿಯ ಪ್ರಾಸಸ್ಥಾನ. ಯಾರಾದರೊಬ್ಬರು ಕಂಬವನ್ನು ತೆಗೆದು ಕಬ್ಬಿಣದ ಜಾಲರಿಯನ್ನು ಹಾಕಿಸಿದರೆ ಆ ಮನೆ ಕೆಡುವುದಲ್ಲದೆ ಸಾಲೆಲ್ಲವೂ ಪ್ರಾಸಭಂಗವಾದ ಪದ್ಯದಂತೆ ಕಿವಿಗೆ ಇಡುಗುವುದು.

ಅಲಂಕಾರದ ವಿಷಯದಲ್ಲಿ ಕ್ಷೇಮೇಂದ್ರನು ಹೇಳಿದ ಔಚಿತ್ಯವೇ ಅಳತೆಗೋಲು. ಸೂರಿನ ಝಾಲರಿಯು ಮೇಲುನೋಟಕ್ಕೆ ಬರಿಯ ಶೃಂಗಾರವಾಗಿ ಕಂಡರೂ, ಹೆಂಚಿನ ತುದಿಯನ್ನೂ ರೀಪನ್ನೂ ಇರಚಲಿನಿಂದ ಕಾಪಾಡುವುದು, ಹಲಗೆಯ ಚೂಪಾದ ಹಲ್ಲುಗಳಿಂದ ನೀರನ್ನು ಹನಿಹನಿಯಾಗಿ ಬಿಡಿಸುವುದು. ಮಂಕಿ ಟಾಪ್ ಎಂಬ ಮುಸುಕು ಕಿಟಕಿಗೆ ನೆರಳನ್ನು ಕೊಟ್ಟು, ಜೋರುಮಳೆಯಲ್ಲಿಯೂ ಕದವನ್ನು ತೆರೆದಿಡಲು ಅನುಕೂಲಮಾಡುವುದು. ಇವು ಅಂಗಕ್ಕೆ ಅನುಗುಣವಾದ ಅಲಂಕಾರಗಳು. ಕೆಲವು ಸಾಲುಗಳ ನೆತ್ತಿಯಲ್ಲಿ ಗಾರೆಯ ಹೂಮಾಲೆ, ಹೂಜಿ, ತ್ರಿಕೋಣದ ಶಿಖರ ಇವುಗಳನ್ನು ಹತ್ತಡಿಯ ಮನೆಯ ಮೇಲೆ ಹೇರಿರುವುದುಂಟು. ಅದು ಕಂದಪದ್ಯದಲ್ಲಿ ದಂಡಕದ ಸಮಾಸವನ್ನು ತುರುಕಿದಂತೆ. ಆದರೂ ಕಾಲವು ಅವುಗಳ ಮೂಗು ಕಿವಿಗಳನ್ನು ಉದುರಿಸಿ ಒಂದು ಬಗೆಯ ವಿನಯವನ್ನು ಕಲಿಸಿದೆ.

ಇನ್ನು ದೋಷ. ಅದು ನಡುಕೋಣೆಯ ಕತ್ತಲೆ. ಎರಡು ಪಕ್ಕಗಳೂ ಮುಚ್ಚಿದ ಮನೆಗೆ ಬೆಳಕು ಮುಂದಿನಿಂದ, ಹಿಂದಿನಿಂದ, ಇಲ್ಲವೆ ಮೇಲಿನಿಂದ ಬರಬೇಕು. ಅಗ್ರಹಾರದ ಮನೆಯು ತೊಟ್ಟಿಯನ್ನಿಟ್ಟು ಮೇಲಿನಿಂದ ಬೆಳಕನ್ನೂ ಮಳೆಯನ್ನೂ ಬರಮಾಡಿಕೊಂಡಿತು. ಶಾಲೆಗಳ ನಡುವೆ ಅಂಗಣವಿರಬೇಕೆಂಬ ಪ್ರಾಚೀನರ ವ್ಯವಸ್ಥೆಗೆ ಇದೇ ಅರ್ಥ. ಲಂಡನ್ನಿನ ಮನೆಯು ಎತ್ತರವಾದ ಕಿಟಕಿಗಳನ್ನಿಟ್ಟು, ಮನೆಯ ಆಳವನ್ನು ಎರಡು ಕೋಣೆಗಳಿಗೆ ಮಿತಗೊಳಿಸಿತು. ದಂಡಿನ ಸಾಲುಮನೆಯು ಆಳವನ್ನು ಮೂರು ಕೋಣೆಗೆ ಹೆಚ್ಚಿಸಿ, ತೊಟ್ಟಿಯನ್ನು ಬಾಡಿಗೆ ಬಾರದ ಜಾಗವೆಂದು ಬಿಟ್ಟಿತು. ಹೆಂಚುಗಳ ನಡುವೆ ಇಟ್ಟ ಒಂದೆರಡು ಗಾಜಿನ ಹೆಂಚುಗಳು ಆ ಪಾಪಕ್ಕೆ ಮಾಡಿದ ಪ್ರಾಯಶ್ಚಿತ್ತ ಮಾತ್ರ. ಹೆರಿಗೆ, ಕಾಯಿಲೆ, ಮಕ್ಕಳ ಓದು ಇವೆಲ್ಲ ನಡೆಯುತ್ತಿದ್ದುದು ಆ ಕೋಣೆಯಲ್ಲಿ ಎಂಬುದನ್ನು ನೆನೆದರೆ, ಮುಂಭಾಗದ ಝಾಲರಿಯನ್ನು ಹೊಗಳುವ ನಾಲಗೆ ಸ್ವಲ್ಪ ತಡೆಯುವುದು. ಇದಲ್ಲದೆ ಜಂಟಿಗೋಡೆಯನ್ನು ಮಾಡಿನ ವರೆಗೆ ಏರಿಸದೆ ತೊಲೆಯ ಮಟ್ಟಕ್ಕೆ ನಿಲ್ಲಿಸಿದ ಸಾಲುಗಳೂ ಉಂಟು. ಅಲ್ಲಿ ಒಂದು ಮನೆಯ ಮಾತು ಎಲ್ಲ ಮನೆಗಳ ಮಾತು. ಒಂದು ಮನೆಯ ಇಲಿ ಎಲ್ಲ ಮನೆಗಳ ಇಲಿ.

ಇಲಿಯ ಮಾತು ಹಾಸ್ಯಕ್ಕೆ ಬಂದುದಲ್ಲ. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕು ಪೇಟೆಯನ್ನೂ ದಂಡನ್ನೂ ಸಮಾನವಾಗಿ ಹಾಳುಮಾಡಿತು. ರೋಗದ ಅಣುವನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಇಲಿಯ ಮೈಮೇಲಣ ಚಿಗಟವೇ ಅದನ್ನು ಹರಡುವುದೆಂದು ಸೀಮಾನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಕೊಂಡುದು ಅದೇ 1898ರಲ್ಲಿ. ಅಲ್ಲಿಂದ ಮುಂದೆ ಬೆಂಗಳೂರಿನಲ್ಲಿ ಬಡಾವಣೆಗಳನ್ನು ಮಾಡಿದವರಿಗೆ ಮನೆಮನೆಗೆ ತೆರಪು ಬಿಡುವುದೇ ಮಂತ್ರವಾಯಿತು. ಬಸವನಗುಡಿ ಮಲ್ಲೇಶ್ವರಗಳು ಈ ಭಾವನೆಯಲ್ಲಿ ಬೆಳೆದುವು. ದಂಡಿನ ಕಡೆ ಜೆ. ಎಚ್. ಸ್ಟೀಫನ್ಸ್ ಎಂಬಾತನು ಫ್ರೇಸರ್ ಟೌನಿನ ನಿರ್ಮಾಣದ ಅನುಭವವನ್ನು ಪ್ಲೇಗು ತಾಗದ ಪಟ್ಟಣರಚನೆಯೆಂಬ ಅರ್ಥದ ಹೆಸರಿಟ್ಟು 1914ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಇಲಿಗೆ ಎಡೆಯಿಲ್ಲದ ನೆಲಗಟ್ಟು, ಗಾಳಿ, ಬೆಳಕು ಇವುಗಳ ಮೇಲೆ ಇವರು ಇಟ್ಟ ಶ್ರದ್ಧೆಯು ಶ್ಲಾಘ್ಯವಾದುದೇ. ಆದರೆ ರೋಗಕ್ಕೆ ಕಾರಣವಾದುದು ಗೋಡೆ ಕೂಡಿದುದೋ, ಗೋಡೆ ಮಾಡನ್ನು ಮುಟ್ಟದೆ ಇದ್ದುದೋ ಎಂಬ ವಿವೇಚನೆಯನ್ನು ಕಾಲವು ಮಾಡಲಿಲ್ಲ. ಜಂಟಿಗೋಡೆಯನ್ನು ಪೂರ್ಣವಾಗಿ ಏರಿಸಿ, ನೆಲವನ್ನು ಕಲ್ಲಿನಿಂದ ಭದ್ರಪಡಿಸಿ, ನಡುವೆ ತೊಟ್ಟಿಯನ್ನಿಟ್ಟಿದ್ದರೆ ಸಾಲುಮನೆಯು ನಿರ್ದೋಷವಾಗುತ್ತಿತ್ತು. ಅದರ ಬದಲು ಸಾಲೇ ಅಪರಾಧಿಯೆನಿಸಿ, ತೆರಪಿಗೆ ಬೆಲೆ ಕೊಡಬಲ್ಲವರಿಗೆ ಬಡಾವಣೆಯೂ, ಕೊಡಲಾರದವರಿಗೆ ಹಳೆಯ ಕತ್ತಲೆಯೂ ಪಾಲಾದುವು. ಪ್ಯಾಟ್ರಿಕ್ ಗೆಡ್ಡೆಸನು 1914–15ರಲ್ಲಿ ಮದರಾಸು ಆಧಿಪತ್ಯದ ಊರುಗಳನ್ನು, ಅವುಗಳಲ್ಲಿ ಬಳ್ಳಾರಿಯನ್ನೂ, ನೋಡಿ ಬರೆದಾಗ, ಹಳೆಯ ಕೇರಿಗಳನ್ನು ಒಟ್ಟಿಗೆ ಕೆಡವುವ ಎಂಜಿನಿಯರುಗಳನ್ನು ಖಂಡಿಸಿ, ಅಲ್ಲಲ್ಲಿ ಒಂದೆರಡು ಮನೆಗಳನ್ನು ತೆಗೆದು ಬೆಳಕಿಗೆ ಎಡೆಮಾಡುವ ಮಿತವಾದ ಚಿಕಿತ್ಸೆಯನ್ನು ಉಪದೇಶಿಸಿದ್ದನು. ಆ ಉಪದೇಶವು ಕಂಟೋನ್ಮೆಂಟಿನ ಸಾಲುಗಳ ಹತ್ತಿರಕ್ಕೆ ಬಂದಂತೆ ಕಾಣುವುದಿಲ್ಲ.

ಈಗ ಸಾಲುಗಳು ಬೀಳುತ್ತಿರುವುದು ರೋಗದ ಭಯದಿಂದಲ್ಲ, ನೆಲದ ಬೆಲೆಯಿಂದ. ಜಂಟಿಗೋಡೆಯು ಅಶುಭವೆಂದು ಹೇಳಿ ಹಳೆಯ ಮನೆಯನ್ನು ಕೆಡವಿಸಿದವರೇ, ಅದೇ ನೆಲದಲ್ಲಿ ಎದ್ದ ಅಪಾರ್ಟ್‌ಮೆಂಟಿನಲ್ಲಿ ಗೋಡೆಯೂ ನೆಲವೂ ಛಾವಣಿಯೂ ಮೂರು ಕುಟುಂಬಗಳೊಡನೆ ಜಂಟಿಯಾದ ಮನೆಯನ್ನು ಸಂತೋಷದಿಂದ ಕೊಳ್ಳುವುದನ್ನು ನೋಡಿದರೆ, ಶಾಸ್ತ್ರವು ನಾಲ್ಕನೆಯ ಅಂತಸ್ತಿಗೆ ಏರಲಾರದೆಂದು ತೋರುವುದು. ಸಾಲಿನಲ್ಲಿ ಒಂದನ್ನು ಮಾತ್ರ ಕೆಡವಿದಾಗ ಆಗುವ ಹಾನಿಯಾದರೋ ದೃಷ್ಟವಾದುದು. ಸಾಲಿನ ಗೋಡೆಗಳು ಒಂದನ್ನೊಂದು ಒತ್ತಿ ಹಿಡಿದು ನಿಂತವು. ಒಂದನ್ನು ತೆಗೆದರೆ ಪಕ್ಕದ್ದು ಊರೆಗೋಲಿಲ್ಲದ ಮುದುಕನಂತೆ ಆಗುವುದು. ಮಳೆಗೆಂದು ಎಂದೂ ಗಾರೆ ಕಾಣದ ಒಳಗೋಡೆಯು ಒಮ್ಮೆಲೆ ಹೊರಗೋಡೆಯಾಗಿ, ದೀಪದ ಗೂಡು, ಅಡಿಗೆಯ ಒಲೆಯ ಮಸಿ, ತೊಲೆಯ ತೂತುಗಳನ್ನು ಬೀದಿಗೆ ತೋರಿಸುತ್ತ ನೆನೆಯತೊಡಗುವುದು. ಅನಿಷ್ಟವಾದುದನ್ನು ತಪ್ಪಿಸಬೇಕೆಂಬ ಕೌಟಿಲ್ಯನ ಮಾತು ಇಂತಹ ಗೋಡೆಯನ್ನು ಕಂಡಾಗ ಬರಿಯ ಪಾಠವಾಗಿ ಉಳಿಯುವುದಿಲ್ಲ.

ಉಳಿದ ಸಾಲುಗಳನ್ನು ಅಳೆದು ಬರೆದಿಡುವ ಕೆಲಸವು ವಿದ್ವಾಂಸರಿಗೆ ಸಲ್ಲತಕ್ಕದ್ದೇ. ಕಂಬಗಳ ಅಂತರ, ಸೂರಿನ ಎತ್ತರ, ಝಾಲರಿಯ ಮಾದರಿ, ಜಂಟಿಗೋಡೆಯು ಮಾಡನ್ನು ಮುಟ್ಟಿದೆಯೋ ಇಲ್ಲವೋ, ನಡುಕೋಣೆಗೆ ಬೆಳಕು ಎಲ್ಲಿಂದ ಎಂಬಿಷ್ಟನ್ನು ಗುರುತಿಸಿದರೂ ಉಪಕಾರವಾಗುವುದು. ಕೆಡವಿದ ಮಾಡಿನ ಹೆಂಚುಗಳನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಒತ್ತಿರುವುದು ಕಾಣುವುದು. ಶಾಸನಗಳನ್ನು ಓದುವ ಅಭ್ಯಾಸವುಳ್ಳವರು ಇದನ್ನೂ ಓದಬಹುದು. ಆದರೆ ಒಂದು ಎಚ್ಚರಿಕೆ ಬೇಕು. ಬಾಸೆಲ್ ಮಿಷನ್ನಿನ ಹೆಂಚುಗಳ ಮೇಲೆ ಕಾಣುವ 1865 ಎಂಬುದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಆ ಹೆಂಚು ಸುಟ್ಟ ವರ್ಷವಲ್ಲ. ಅದನ್ನು ನೋಡಿ ಮನೆಯ ಕಾಲವನ್ನು ಹೇಳಿದರೆ ಹಲವು ದಶಕಗಳು ತಪ್ಪಾಗಬಹುದು. ಮೊದಲನೆಯ ಮಹಾಯುದ್ಧದ ತರುವಾಯ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುದರಿಂದ, ಆ ಎರಡನೆಯ ಹೆಸರು ಒತ್ತಿರುವ ಹೆಂಚಾದರೆ ಅದು ಯುದ್ಧಾನಂತರದ್ದೆಂದು ಹೇಳಬಹುದು. ಅದು ಹೊಸದಾಗಿ ಕಟ್ಟಿದಾಗ ಹೊದಿಸಿದುದೋ, ಹಳೆಯ ಮಾಡನ್ನು ಕೈಯಾಡಿಸಿದಾಗ ಸೇರಿಸಿದುದೋ ಎಂಬುದನ್ನು ಅದೇ ಸಾಲಿನ ಉಳಿದ ಮನೆಗಳ ಹೆಂಚುಗಳೊಡನೆ ಹೋಲಿಸಿಯೇ ನಿರ್ಣಯಿಸಬೇಕು.